ಪಕ್ಕದವರ ಹೊಲದ ಮೇಲೆ ಹಾದಿ: ಹಕ್ಕು ಗುರುತಿಸುವುದರಿಂದ ಪರಿಹಾರ, ನೋಂದಣಿಯವರೆಗೆ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಹೊಲದ ಹಾದಿಯ ವ್ಯವಹಾರ ಹೆಚ್ಚಾಗಿ ಒಂದೇ ರೀತಿ ಕೆಡುತ್ತದೆ. ಊರ ಹಿರಿಯರ ಮುಂದೆ ಮಾತಾಗುತ್ತದೆ, ಅಲ್ಲೇ ರೊಕ್ಕ ಕೈ ಬದಲಾಗುತ್ತದೆ, ಆಮೇಲೆ ನೂರು ರೂಪಾಯಿ ಬಾಂಡ್ ಮೇಲೆ ನಾಲ್ಕು ಸಾಲು ಬರೆದು ನೋಟರಿ ಮುದ್ರೆ ಹಾಕಿಸುತ್ತಾರೆ. ಕೆಲ ವರ್ಷಕ್ಕೆ ಹಾದಿ ಬಿಟ್ಟವರು ತೀರಿಕೊಳ್ಳುತ್ತಾರೆ, ಇಲ್ಲವೇ ಹೊಲ ಮಾರುತ್ತಾರೆ. ಹೊಸ ಮಾಲೀಕರು ಜಾಲಿ ಮುಳ್ಳು ಹಚ್ಚಿ ಹಾದಿ ಮುಚ್ಚಿದಾಗ ಆ ಬಾಂಡ್ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ರೊಕ್ಕವೂ ಹೋಯಿತು, ಹಾದಿಯೂ ಹೋಯಿತು.

ಇದಕ್ಕೆ ಕಾರಣ ಕ್ರಮ ತಲೆಕೆಳಗಾಗಿರುವುದು. ಯಾವ ಹಕ್ಕು, ಯಾರ ಯಾರ ಸಹಿ, ಎಷ್ಟು ಜಾಗ, ಎಷ್ಟು ಪರಿಹಾರ ಎಂಬ ನಾಲ್ಕೂ ಇದೇ ಸರದಿಯಲ್ಲಿ ತೀರ್ಮಾನವಾಗಬೇಕು. ರೊಕ್ಕ ಕೊಡುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ಕೈಯಲ್ಲಿ ಇರಬೇಕಾದವು

ಎರಡೂ ಹೊಲಗಳ ಈಗಿನ ಪಹಣಿ, ಮ್ಯುಟೇಶನ್ ಪ್ರತಿಗಳು, ಗ್ರಾಮ ನಕಾಶೆ, ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ಮೂಲ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ), ಪಕ್ಕದ ಹೊಲದ ಋಣಭಾರ ಪತ್ರ (ಇಸಿ). ಜೊತೆಗೆ ನೂರಡಿ ಟೇಪು, ಸುಣ್ಣದ ಪುಡಿ, ಹತ್ತಿಪ್ಪತ್ತು ಗೂಟ. ಮೂರೂ ಜಿಲ್ಲೆಗಳು 1956ಕ್ಕೆ ಮೊದಲು ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಹಳೆಯ ಭೂದಾಖಲೆಗಳಾದ ಖಾಸರಾ ಪಹಣಿ, ಸೇತ್ವಾರ್‌ಗಳು ಉರ್ದುವಿನಲ್ಲಿ ಸಿಗಬಹುದು. ದೃಢೀಕೃತ ಪ್ರತಿ ತೆಗೆಸಿ, ಉರ್ದು ಓದಬಲ್ಲವರಿಂದ ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಅಜ್ಜನ ಕಾಲಕ್ಕೆ ಎರಡೂ ಹೊಲ ಒಬ್ಬರವೇ ಆಗಿದ್ದವು ಎಂಬುದಕ್ಕೆ ಎಷ್ಟೋ ಸಲ ಅಲ್ಲೇ ಸಾಕ್ಷಿ ಸಿಗುತ್ತದೆ. ಅದು ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಹಂತ 1: ನಿಮ್ಮದು ಯಾವ ಹಾದಿ?

‘ಪ್ರತಿ ಹೊಲಕ್ಕೂ ಹಾದಿ ಬಿಡಲೇಬೇಕೆಂದು ಕಾನೂನಿದೆ’ ಎಂಬ ಮಾತು ಊರೂರಲ್ಲಿ ಕೇಳುತ್ತದೆ. ಅದು ಪೂರ್ತಿ ನಿಜವಲ್ಲ. ಕಾನೂನಿನ ಕಣ್ಣಿಗೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ನಿಮ್ಮದು ಯಾವುದೆಂದು ತಿಳಿಯದೆ ಪಕ್ಕದವರ ಮನೆ ಬಾಗಿಲಿಗೆ ಹೋಗಬೇಡಿ.

ಒಂದು, ನಕಾಶೆಯ ಹಾದಿ. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಪಹಣಿಯಲ್ಲಿ ‘ಬ’ ಖರಾಬು ಎಂದು ಗುಂಟೆ ತೋರಿಸಿದ್ದರೆ ಅದು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿಗಳು ಸರ್ಕಾರದವು. ಇಂಥ ಹಾದಿಯನ್ನು ಯಾರಾದರೂ ಉತ್ತು ಸೇರಿಸಿಕೊಂಡಿದ್ದರೆ ಅವರಿಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ನಕಾಶೆ, ಪಹಣಿ ಲಗತ್ತಿಸಿ ತಹಶೀಲ್ದಾರರಿಗೆ ಒತ್ತುವರಿ ತೆರವಿನ ಅರ್ಜಿ ಕೊಡಿ. ನಕಾಶೆ ನೋಡದೆಯೇ ರೊಕ್ಕ ಕೊಟ್ಟು, ಸರ್ಕಾರದ ಹಾದಿಯನ್ನೇ ಪಕ್ಕದವರಿಂದ ‘ಕೊಂಡವರು’ ಇದ್ದಾರೆ. ಹಾಗೆ ಬರೆದುಕೊಟ್ಟ ಪತ್ರ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ಎರಡು, ಅನಿವಾರ್ಯತೆಯ ಹಾದಿ. ಭಾರತೀಯ ಅನುಭೋಗದ ಹಕ್ಕುಗಳ (ಈಸ್‌ಮೆಂಟ್) ಕಾಯ್ದೆ 1882ರ 13ನೇ ಕಲಮು ಇದನ್ನು ಕೊಡುತ್ತದೆ. ಆದರೆ ಒಂದು ಷರತ್ತಿದೆ: ಎರಡೂ ಹೊಲ ಹಿಂದೆ ಒಂದೇ ಒಡೆತನದಲ್ಲಿದ್ದು, ಮಾರಾಟದಿಂದಲೋ ಅಣ್ಣತಮ್ಮಂದಿರ ಪಾಲಿನಿಂದಲೋ ಬೇರೆಯಾಗಿರಬೇಕು, ಮತ್ತು ನಿಮ್ಮ ಹೊಲಕ್ಕೆ ಬೇರೆ ಹಾದಿ ಇರಲೇಬಾರದು. ಹತ್ತಿರದ ಹಾದಿ ಇಲ್ಲ, ಸುತ್ತು ಹಾಕಬೇಕು ಎಂಬುದು ಅನಿವಾರ್ಯತೆ ಅಲ್ಲ. 14ನೇ ಕಲಮಿನಂತೆ ಯಾವ ಬದಿಯಿಂದ ಹಾದಿ ಬಿಡಬೇಕೆಂದು ತೋರಿಸುವ ಹಕ್ಕು ಬಿಡುವವರದ್ದು, ಆದರೆ ಅದು ಬಳಸಲು ಬರುವಂತಿರಬೇಕು. ಇನ್ನೊಂದು ಕಡೆಯಿಂದ ನಿಮಗೆ ಹಾದಿ ಸಿಕ್ಕಿತೆಂದರೆ ಈ ಹಕ್ಕು ಮುಗಿಯುತ್ತದೆ (41ನೇ ಕಲಮು).

ಮೂರು, ರೂಢಿಯ ಹಾದಿ. 15ನೇ ಕಲಮಿನಂತೆ 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ತಡೆಯಿಲ್ಲದೆ, ಹಕ್ಕೆಂದು ತಿಳಿದು ನಡೆದಿರಬೇಕು. ಸರ್ಕಾರಿ ಜಮೀನಾದರೆ 30 ವರ್ಷ. ಜನ ಎಡವುವುದು ‘ಹಕ್ಕೆಂದು’ ಎಂಬ ಮಾತಿನಲ್ಲಿ. “ಕಾಕಾ, ಈ ವರ್ಷ ನಿಮ್ಮ ಹೊಲದಾಗಿಂದ ಹೋಗ್ತೀವ್ರಿ” ಎಂದು ಕೇಳಿ, ಅವರು ಹೂಂ ಎಂದ ಮೇಲೆ ನಡೆದದ್ದು ಅನುಮತಿ. ಅನುಮತಿಯ ಮೇಲೆ ಐವತ್ತು ವರ್ಷ ನಡೆದರೂ ಅದು ರೂಢಿಯ ಹಕ್ಕಾಗುವುದಿಲ್ಲ. ರೂಢಿಯ ಹಕ್ಕಿದೆ ಎಂದು ನಂಬಿದವರು ಪಕ್ಕದವರಿಗೆ ‘ದಯವಿಟ್ಟು ಅನುಮತಿ ಕೊಡಿ’ ಎಂದು ಬರೆದುಕೊಟ್ಟರೆ ತಮ್ಮ ಕೇಸನ್ನು ತಾವೇ ಕೆಡಿಸಿಕೊಂಡಂತೆ.

ನಾಲ್ಕು, ಮೇಲಿನ ಯಾವುದೂ ಅಲ್ಲ. ಆಗ ಉಳಿಯುವುದು ಒಪ್ಪಂದ ಒಂದೇ. ಪರಿಹಾರ ಕೊಟ್ಟು ಹಾದಿಯ ಹಕ್ಕು ಬರೆಸಿಕೊಳ್ಳಬೇಕು. ಪಕ್ಕದವರು ಬೇಡವೆಂದರೆ ಒತ್ತಾಯಿಸುವ ದಾರಿ ಕಾಯ್ದೆಯಲ್ಲಿಲ್ಲ. ಇದನ್ನು ಒಪ್ಪಿಕೊಂಡು ಮಾತಿಗೆ ಕೂತವರಿಗೆ ಹಾದಿ ಸಿಗುವ ಸಂಭವ ಹೆಚ್ಚು, ಬೆದರಿಸಿ ಕೂತವರಿಗೆ ಕಡಿಮೆ. ಇಲ್ಲಿಂದ ಮುಂದಿನ ಹಂತಗಳು ಮುಖ್ಯವಾಗಿ ಇವರಿಗಾಗಿ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆಯವರಿಗೆ ಇನ್ನೊಂದು ಮಾತು: ನಾರಾಯಣಪುರ ಕಾಲುವೆಗಳ ಏರಿ ಮೇಲಿನ ರಸ್ತೆ ಪಕ್ಕದ ರೈತರದ್ದಲ್ಲ. ಅದರ ಬಗ್ಗೆ ಕೇಳಬೇಕಾದ್ದು ಕೃಷ್ಣಾ ಭಾಗ್ಯ ಜಲ ನಿಗಮವನ್ನು.

ಹಂತ 2: ಸಹಿ ಹಾಕಲು ಯಾರಿಗೆ ಅಧಿಕಾರವಿದೆ?

ಪಹಣಿಯ 9ನೇ ಕಾಲಮಿನಲ್ಲಿ ಮಾಲೀಕರೆಂದು ಇರುವ ಪ್ರತಿಯೊಬ್ಬರೂ ಸಹಿ ಹಾಕಬೇಕು. ಹಿರಿಯ ಮಗ ‘ನಾನು ನೋಡ್ಕೊಳ್ತೀನಿ’ ಎಂದರೆ ಸಾಲದು. ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಲಿ, ಆಮೇಲೆ ಪತ್ರ. ಪಿತ್ರಾರ್ಜಿತ ಹೊಲವಾದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಸೋಲಾಪುರಕ್ಕೋ ಹೈದರಾಬಾದಿಗೋ ಕೊಟ್ಟ ಮಗಳನ್ನು ಕರೆಸಲು ಎರಡು ತಿಂಗಳಾದರೂ ಕಾಯಿರಿ. ಬಿಟ್ಟುಹೋದ ಒಂದು ಸಹಿ ಹತ್ತು ವರ್ಷದ ನಂತರ ದಾವೆಯಾಗಿ ಬರುತ್ತದೆ. ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ವಕೀಲರ ಸಲಹೆ ಇಲ್ಲದೆ ಮುಂದುವರಿಯಬೇಡಿ.

11ನೇ ಕಾಲಮಿನಲ್ಲಿ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲ ಕಂಡರೆ ಆ ಸಂಸ್ಥೆಯಿಂದ ಲಿಖಿತ ನಿರಾಕ್ಷೇಪಣೆ ಬೇಕು. ಸಾಲ ತೀರದೆ ಹೊಲ ಹರಾಜಿಗೆ ಬಂದರೆ ಅಡವಿನ ನಂತರ ಹುಟ್ಟಿದ ನಿಮ್ಮ ಹಕ್ಕು ತೊಂದರೆಗೆ ಸಿಗುತ್ತದೆ.

ಎಚ್ಚರಿಕೆಯ ದೊಡ್ಡ ಗುರುತು ಎಂದರೆ ಸರ್ಕಾರ ಮಂಜೂರು ಮಾಡಿದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು 1978ರ ಪಿಟಿಸಿಎಲ್ ಕಾಯ್ದೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಒಪ್ಪುವುದಿಲ್ಲ. ಅದರಲ್ಲಿ ‘ಪರಭಾರೆ’ ಎಂಬ ಮಾತಿನ ಅರ್ಥ ಬಹಳ ವಿಶಾಲ. ಆ ಕುಟುಂಬಕ್ಕೆ ಸಿಕ್ಕ ಭೂಮಿ ಚೂರುಚೂರಾಗಿ ಕೈತಪ್ಪಬಾರದೆಂದೇ ಈ ಕಾಯ್ದೆ ಇದೆ, ಅದನ್ನು ಗೌರವಿಸಿ. ಮಂಜೂರಾತಿ ಆದೇಶದ ಪ್ರತಿ ನೋಡದೆ, ಅನುಮತಿಯ ದಾರಿ ಕೇಳಿಕೊಳ್ಳದೆ ಕೈ ಹಾಕಬೇಡಿ. ವಕ್ಫ್, ಮುಜರಾಯಿ, ಅರಣ್ಯ ಜಮೀನಿಗೂ ಆಯಾ ಇಲಾಖೆಯ ಅನುಮತಿ ಬೇಕೇ ಬೇಕು.

ಹಂತ 3: ನೆಲದ ಮೇಲೆ ಗೆರೆ ಹಾಕುವುದು

ಫೆಬ್ರುವರಿಯಿಂದ ಮೇ ತಿಂಗಳೊಳಗೆ, ರಾಶಿ ಮುಗಿದು ಹೊಲ ಖಾಲಿ ಇರುವಾಗ ಈ ಕೆಲಸ ಮಾಡಿ. ಬದು ಕಾಣುತ್ತದೆ, ಬೆಳೆ ನಷ್ಟದ ಮಾತೂ ಬರುವುದಿಲ್ಲ.

ಹಾದಿ ಬದುವಿನ ಗುಂಟ ಹೋಗಲಿ. ಹೊಲದ ನಡುವೆ ಅಡ್ಡ ಹಾಯ್ದರೆ ಸಾಲು ತುಂಡಾಗಿ, ಎರಡೂ ಬದಿ ಟ್ರ್ಯಾಕ್ಟರ್ ತಿರುಗಿಸಲು ಮತ್ತಷ್ಟು ನೆಲ ಹಾಳಾಗುತ್ತದೆ. ಅದಕ್ಕೆ ಪರಿಹಾರವೂ ಹೆಚ್ಚು, ಮುನಿಸೂ ಹೆಚ್ಚು. ಬದು ಎಲ್ಲಿದೆ ಎಂಬುದರಲ್ಲೇ ಅನುಮಾನವಿದ್ದರೆ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಹಾಕಿ, ಸರ್ವೆಯವರು ಕಲ್ಲು ತೋರಿಸಿದ ಮೇಲೆ ಅಳೆಯಿರಿ.

ಅಗಲ ನಿರ್ಧರಿಸುವಾಗ ಇವತ್ತಿನ ಬಂಡಿಯನ್ನಲ್ಲ, ಇನ್ನು ಹತ್ತು ವರ್ಷಕ್ಕೆ ಬರುವ ಯಂತ್ರವನ್ನು ನೆನೆಯಿರಿ. ಬರೀ ಟ್ರ್ಯಾಕ್ಟರ್, ಟ್ರಾಲಿಗೆ 10 ಅಡಿ ಸಾಕು. ಬೀದರ್, ಆಳಂದ, ಅಫಜಲಪುರದಂತೆ ಕಬ್ಬು ತುಂಬಿದ ಟ್ರಾಲಿ ಓಡಾಡುವ ಕಡೆ 12 ಅಡಿ ಇರಲಿ. ಭತ್ತದ ಕೊಯ್ಲು ಯಂತ್ರ ಬರುವಲ್ಲಿ ಅದರ ಮುಂಭಾಗವನ್ನು ನಿಜವಾಗಿ ಟೇಪಿನಿಂದ ಅಳೆದು ಎರಡಡಿ ಸೇರಿಸಿ. ಮೂಲೆಯಲ್ಲಿ ತಿರುವಿದ್ದರೆ ಆ ಜಾಗವೊಂದರಲ್ಲಿ 18–20 ಅಡಿ ಬೇಕು, ಇಲ್ಲದಿದ್ದರೆ ಟ್ರಾಲಿಯ ಹಿಂಗಾಲಿ ಬೆಳೆಯ ಮೇಲೆ ಹಾಯುತ್ತದೆ. ಜಗಳ ಶುರುವಾಗುವುದು ಆ ಮೂಲೆಯಲ್ಲೇ.

ಗೂಟ ಹೊಡೆದು, ಸುಣ್ಣದ ಗೆರೆ ಹಾಕಿ, ಎರಡೂ ಮನೆಯವರು ಒಟ್ಟಿಗೆ ಆ ಗೆರೆಯ ಮೇಲೆ ಒಂದು ಸಲ ನಡೆಯಿರಿ. ಫೋಟೊ ತೆಗೆಯಿರಿ.

ಹಂತ 4: ಪರಿಹಾರದ ಲೆಕ್ಕ

ಕಾಯ್ದೆ ಪರಿಹಾರಕ್ಕೆ ಯಾವ ದರಪಟ್ಟಿಯನ್ನೂ ಕೊಟ್ಟಿಲ್ಲ. ಹಾಗಾಗಿ ‘ಒಂದು ಲಕ್ಷ ಕೊಡ್ರಿ’, ‘ಇಪ್ಪತ್ತು ಸಾವಿರ ಕೊಡ್ತೀವಿ’ ಎಂಬ ಚೌಕಾಸಿಯಲ್ಲೇ ಮಾತು ಮುರಿಯುತ್ತದೆ. ಮೊತ್ತವನ್ನು ಭಾಗಗಳಾಗಿ ಒಡೆದು ಕಾಗದದ ಮೇಲೆ ತೋರಿಸಿದರೆ ಇಬ್ಬರಿಗೂ ಸಮಾಧಾನ.

ನೆಲದ ಲೆಕ್ಕ ಮೊದಲು. ಒಂದು ಗುಂಟೆ ಎಂದರೆ 33 ಅಡಿ ಚೌಕ, 1,089 ಚದರಡಿ. ಎಕರೆಗೆ 40 ಗುಂಟೆ. ಉದಾಹರಣೆಗೆ 10 ಅಡಿ ಅಗಲ, 330 ಅಡಿ ಉದ್ದದ ಹಾದಿ 3,300 ಚದರಡಿ, ಅಂದರೆ ಮೂರು ಗುಂಟೆಗೆ ಒಂದಿಷ್ಟು ಹೆಚ್ಚು. ಆ ಭಾಗದಲ್ಲಿ ಎಕರೆ 8 ಲಕ್ಷಕ್ಕೆ ಹೋಗುತ್ತಿದ್ದರೆ ಗುಂಟೆಗೆ 20,000, ಒಟ್ಟು ಸುಮಾರು 60,600 ರೂಪಾಯಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವನ್ನೂ ನೋಡಿ, ಆದರೆ ಅದಕ್ಕೇ ಅಂಟಿಕೊಳ್ಳಬೇಡಿ. ಹತ್ತಿರದಲ್ಲಿ ಈಚೆಗೆ ನಡೆದ ಎರಡು ಮೂರು ಕ್ರಯಪತ್ರಗಳು ನಿಜವಾದ ದರ ಹೇಳುತ್ತವೆ.

‘ಒಡೆತನ ಅವರಲ್ಲೇ ಉಳಿಯುತ್ತದಲ್ಲ, ಪೂರ್ತಿ ಬೆಲೆ ಏಕೆ?’ ಎಂದು ರೊಕ್ಕ ಕೊಡುವವರು ಕೇಳುತ್ತಾರೆ. ಹೈಟೆನ್ಶನ್ ತಂತಿ ಹಾಯುವ ಪಟ್ಟಿಗೆ ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿ ಭೂಮಿಯ ಬೆಲೆಯ ಗರಿಷ್ಠ 15 ಶೇಕಡಾ ಎಂದಿತ್ತು, 2024ರದ್ದು 30 ಶೇಕಡಾ ಎಂದಿತು. ಅದನ್ನು ತೋರಿಸಿ ಹಾದಿಗೂ ಅಷ್ಟೇ ಎನ್ನುವುದು ನ್ಯಾಯವಲ್ಲ. ತಂತಿಯ ಕೆಳಗೆ ತೊಗರಿ ಬೆಳೆಯುತ್ತದೆ, ಗಾಲಿಯ ಕೆಳಗೆ ಏನೂ ಬೆಳೆಯುವುದಿಲ್ಲ. ನಿಮಗೊಬ್ಬರಿಗೇ ಬಳಕೆಯಾಗಿ ಅವರಿಗೆ ಉಪಯೋಗವಿಲ್ಲದ ಹಾದಿಗೆ ಪೂರ್ತಿ ಬೆಲೆಯ ಹತ್ತಿರವೇ ಕೊಡಿ. ಅವರೂ ಅದೇ ಹಾದಿಯಲ್ಲಿ ಟ್ರ್ಯಾಕ್ಟರ್ ಓಡಿಸುವುದಾದರೆ ಅರ್ಧಕ್ಕೆ ಇಳಿಸುವ ಮಾತು ಆಡಬಹುದು.

ಆಮೇಲೆ ಉಳಿದವು: ನಿಂತ ಬೆಳೆ ಹಾಳಾಗುವುದಿದ್ದರೆ ಅದರ ಪೂರ್ತಿ ಬೆಲೆ, ಬದುವಿನ ಬೇವು, ಮಾವು, ಹುಣಸೆ ಮರಗಳಿಗೆ ಒಂದೊಂದಕ್ಕೂ ಬೇರೆ ಬೆಲೆ, ಪೈಪ್‌ಲೈನ್ ಅಥವಾ ಬೇಲಿ ಸರಿಸುವ ಖರ್ಚು. ಹಾದಿಯಿಂದಾಗಿ ಮೂಲೆಯಲ್ಲಿ ಉಳಲು ಬಾರದ ತುಂಡು ಉಳಿದರೆ ಅದನ್ನೂ ಅಳೆದು ಸೇರಿಸಿ. ಆ ತುಂಡನ್ನು ಎಲ್ಲರೂ ಮರೆಯುತ್ತಾರೆ. ಒಪ್ಪಂದವಾಗಿ ಎರಡು ವರ್ಷದ ನಂತರ ‘ಮೋಸವಾಯಿತು’ ಎಂಬ ಮಾತು ಬರುವುದು ಅಲ್ಲಿಂದಲೇ.

ಪರಿಹಾರ ಒಂದೇ ಸಲದ್ದಾಗಿರಲಿ. ‘ವರ್ಷಕ್ಕೆ ಇಷ್ಟು’ ಎಂದು ಕೊಡುತ್ತ ಹೋದರೆ ಅದು ಬಾಡಿಗೆಯಂತೆ, ಬರೀ ಅನುಮತಿಯಂತೆ ಕಾಣುತ್ತದೆ. ಬರೀ ಅನುಮತಿಯನ್ನು ಸಾಮಾನ್ಯವಾಗಿ ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ಪಟ್ಟಿಯನ್ನೇ ಕ್ರಯಕ್ಕೆ ಕೊಂಡುಬಿಡುವುದು ಇನ್ನೊಂದು ದಾರಿ. ಆಗ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಬೇಕು, ಖರ್ಚೂ ಸಮಯವೂ ಹೆಚ್ಚು, ಆದರೆ ನೆಲ ನಿಮ್ಮದೇ. ಮಾಲೀಕರು ಒಪ್ಪಿದರೆ ಇದಕ್ಕಿಂತ ಭದ್ರವಾದದ್ದು ಇಲ್ಲ.

ಹಂತ 5: ಪತ್ರದಲ್ಲಿ ಏನಿರಬೇಕು

‘ಹೊಲಕ್ಕೆ ಹೋಗಲು ದಾರಿ ಬಿಟ್ಟಿರುತ್ತೇನೆ’ ಎಂಬ ಒಂದು ಸಾಲಿನ ಪತ್ರದಿಂದಲೇ ಮುಂದಿನ ತಕರಾರುಗಳೆಲ್ಲ ಹುಟ್ಟುತ್ತವೆ. 1882ರ ಕಾಯ್ದೆ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರಿಲ್ಲ ಎನ್ನುತ್ತದೆ. ಕಾಲುದಾರಿ ಎಂದು ಬರೆದರೆ ಬಂಡಿ ಹೋಗುವಂತಿಲ್ಲ. ಆದ್ದರಿಂದ ಒಂದೊಂದನ್ನೂ ಹೆಸರಿಟ್ಟು ಬರೆಯಿರಿ. ಮುಖ್ಯ ಸಾಲು ಹೀಗಿರಲಿ:

“ಸರ್ವೆ ನಂಬರ್ ___ ಹಿಸ್ಸಾ ___ ರ ಪೂರ್ವದ ಬದುವಿಗೆ ಹೊಂದಿಕೊಂಡು, ಉತ್ತರದ ಸರ್ಕಾರಿ ದಾರಿಯಿಂದ ದಕ್ಷಿಣದ ಸರ್ವೆ ನಂಬರ್ ___ ರ ಹದ್ದಿನವರೆಗೆ, 330 ಅಡಿ ಉದ್ದ, 10 ಅಡಿ ಅಗಲದ, ಲಗತ್ತಿಸಿದ ನಕ್ಷೆಯಲ್ಲಿ ಕೆಂಪು ಬಣ್ಣದಿಂದ ತೋರಿಸಿದ ಪಟ್ಟಿಯ ಮೇಲೆ ಆಳು, ದನ, ಬಂಡಿ, ಟ್ರ್ಯಾಕ್ಟರ್, ಟ್ರಾಲಿ, ಕೊಯ್ಲು ಯಂತ್ರ ಓಡಾಡುವ ಶಾಶ್ವತ ಹಕ್ಕನ್ನು, ಸರ್ವೆ ನಂಬರ್ ___ ರ ಹೊಲದ ಪ್ರಯೋಜನಕ್ಕಾಗಿ ಕೊಟ್ಟಿರುತ್ತೇವೆ. ಇದು ಎರಡೂ ಕಡೆಯ ವಾರಸುದಾರರಿಗೂ ಮುಂದಿನ ಖರೀದಿದಾರರಿಗೂ ಬದ್ಧ.”

ಹಕ್ಕು ವ್ಯಕ್ತಿಗೆ ಅಲ್ಲ, ಹೊಲಕ್ಕೆ ಎಂಬುದು ಇಲ್ಲಿ ಸ್ಪಷ್ಟವಾಗಬೇಕು. ನೀರಿನ ಪೈಪು, ಪಂಪ್‌ಸೆಟ್ಟಿನ ವೈರು ಅದೇ ಪಟ್ಟಿಯಲ್ಲಿ ಹಾಯಬೇಕಿದ್ದರೆ ಈಗಲೇ ಬರೆಯಿರಿ, ಮತ್ತೆ ಕೇಳಿದರೆ ಮತ್ತೆ ಪರಿಹಾರ. ದುರಸ್ತಿ ಯಾರದು, ಮಳೆನೀರು ಯಾವ ಕಡೆ ಹರಿಯಬೇಕು, ಗೇಟು ಹಾಕಬಹುದೇ, ಹಾಕಿದರೆ ಕೀಲಿ ಯಾರ ಬಳಿ ಎಂಬುದೂ ಇರಲಿ. ಹಾದಿ ಕೊಟ್ಟವರ ಪರವಾಗಿಯೂ ಎರಡು ಮಾತು ಸೇರಿಸಿ: ಕೃಷಿಗಲ್ಲದ ಬಳಕೆಗೆ, ಅಂದರೆ ಕಲ್ಲುಗಣಿ, ಕ್ರಷರ್, ಲೇಔಟ್‌ಗೆ ಈ ಹಾದಿ ಸಲ್ಲದು, ಮತ್ತು ಹಾದಿಯ ಮೇಲೆ ರಾಶಿ ಹಾಕುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ. ಇವನ್ನು ನೀವೇ ಮುಂದಾಗಿ ಬರೆದರೆ ಅವರ ಭಯ ಹೋಗುತ್ತದೆ.

ಹಂತ 6: ನೋಂದಣಿ, ಆಮೇಲೆ ರೊಕ್ಕ

ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿ ಹಕ್ಕನ್ನು ಹುಟ್ಟಿಸುವ ಪತ್ರ ನೋಂದಣಿ ಆಗಲೇಬೇಕು ಎನ್ನುತ್ತದೆ ನೋಂದಣಿ ಕಾಯ್ದೆ 1908ರ 17ನೇ ಕಲಮು. ನೋಟರಿ ಮುದ್ರೆ ಇದಕ್ಕೆ ಬದಲಿ ಅಲ್ಲ. ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ವಿವರ, ಕರಡು, ನಕ್ಷೆ ಹಾಕಿದರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕದ ಲೆಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಯಿಂದಲೇ ಬರುತ್ತದೆ. ಶುಲ್ಕ ಉಳಿಸಲು ಪರಿಹಾರದ ಮೊತ್ತ ಕಡಿಮೆ ತೋರಿಸಬೇಡಿ. ನಾಳೆ ಪತ್ರ ರದ್ದಾದರೆ ಕಾಗದದಲ್ಲಿ ಇರುವಷ್ಟೇ ವಾಪಸ್ ಕೇಳಲು ಬರುವುದು.

ಮುಂಗಡ ಕೊಡಲೇಬೇಕೆಂದರೆ ಹತ್ತನೇ ಒಂದು ಭಾಗ ಮಾತ್ರ, ಅದೂ ಬ್ಯಾಂಕ್ ಮೂಲಕ. ಉಳಿದದ್ದು ನೋಂದಣಿಯ ದಿನ, ಪ್ರತಿ ಪಾಲುದಾರರ ಖಾತೆಗೆ ಅವರವರ ಪಾಲು. ಎಲ್ಲವನ್ನೂ ಒಬ್ಬರ ಕೈಗೆ ಕೊಟ್ಟರೆ ಉಳಿದ ಅಣ್ಣತಮ್ಮಂದಿರು ತಮ್ಮ ಸಿಟ್ಟನ್ನು ಹಾದಿಯ ಮೇಲೆ ತೀರಿಸುತ್ತಾರೆ. ಚೆಕ್ ಅಥವಾ ವರ್ಗಾವಣೆಯ ನಂಬರನ್ನು ಪತ್ರದಲ್ಲೇ ಬರೆಸಿ.

ನೋಂದಣಿಯಾದ ಮೇಲೆ ಪಕ್ಕದ ಹೊಲದ ಪಹಣಿಯ 11ನೇ ಕಾಲಮಿನಲ್ಲಿ ದಾರಿ ಹಕ್ಕು ನಮೂದಿಸುವಂತೆ ತಾಲೂಕು ಕಚೇರಿಗೆ ಅರ್ಜಿ ಕೊಡಿ. ಹಿಂಬರಹ ಕೊಟ್ಟು ನಿರಾಕರಿಸಿದರೂ ನಿಮ್ಮ ನೋಂದಾಯಿತ ಹಕ್ಕಿಗೆ ಧಕ್ಕೆ ಇಲ್ಲ. ಆದರೆ ನಮೂದಾದರೆ ಮುಂದೆ ಆ ಹೊಲ ಕೊಳ್ಳುವವರ ಕಣ್ಣಿಗೆ ಬೀಳುತ್ತದೆ. ತಿಂಗಳ ನಂತರ ಋಣಭಾರ ಪತ್ರ ತೆಗೆಸಿ, ಪತ್ರ ಅದರಲ್ಲಿ ಬಂದಿದೆಯೇ ನೋಡಿ.

ಹಂತ 7: ಹಾದಿ ಮಾಡುವುದು

ಎರೆ ಭೂಮಿಯಲ್ಲಿ ಬರೀ ಹಾದಿ ಬಿಟ್ಟರೆ ಮೊದಲ ದೊಡ್ಡ ಮಳೆಗೆ ಗಾಲಿ ಹೂತು, ಟ್ರ್ಯಾಕ್ಟರ್ ಪಕ್ಕದ ಬೆಳೆಗೆ ಇಳಿಯುತ್ತದೆ. ಮೇಲಿನ ಅರ್ಧ ಅಡಿ ಕರಿಮಣ್ಣು ತೆಗೆದು ಮಾಲೀಕರ ಹೊಲಕ್ಕೇ ಹರಡಿ, ಅದು ಅವರ ಸೊತ್ತು. ಆ ಜಾಗಕ್ಕೆ ಮುರುಮು ತುಂಬಿ ರೋಲರ್ ಹೊಡೆಸಿ. ಮೇಲಿನ ಉದಾಹರಣೆಯ ಹಾದಿಗೆ ಅರ್ಧ ಅಡಿ ದಪ್ಪಕ್ಕೆ 1,650 ಘನ ಅಡಿ, ಅಂದರೆ 16.5 ಬ್ರಾಸ್. ಒತ್ತಿದಾಗ ಕುಗ್ಗುವುದರಿಂದ 21 ಬ್ರಾಸ್ ತರಿಸಿ. ನೀರು ಅಡ್ಡ ಹಾಯುವಲ್ಲಿ ಒಂದೂವರೆ ಅಡಿಯ ಸಿಮೆಂಟ್ ಪೈಪು ಹೂಳಿ. ಹಾದಿ ಎತ್ತರವಾಗಿ ಅವರ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆತರೆ ಅದರ ಹೊಣೆ ನಿಮ್ಮದು.

ಹಾದಿ ಮುಚ್ಚಿದರೆ

ಇಲ್ಲಿ ದಿನಗಳ ಲೆಕ್ಕವೇ ಎಲ್ಲ. ತಹಶೀಲ್ದಾರರು ತಾಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ಶಾಂತಿಭಂಗದ ಸಂಭವವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಡಿ (ಹಿಂದಿನ ಸಿಆರ್‌ಪಿಸಿ 147) ಅವರು ವಿಚಾರಣೆ ನಡೆಸಿ ತಡೆ ತೆಗೆಸಬಹುದು. ಆದರೆ ವರ್ಷವಿಡೀ ಬಳಸುವ ಹಾದಿಯಾದರೆ ದೂರಿಗೆ ಮುಂಚಿನ ಮೂರು ತಿಂಗಳೊಳಗೆ ಬಳಸಿರಬೇಕು, ಹಂಗಾಮಿಗೆ ಮಾತ್ರ ಬಳಸುವುದಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಹಿರಿಯರ ಪಂಚಾಯ್ತಿ ನಡೆಯಲಿ, ಆದರೆ ಅದಕ್ಕಾಗಿ ಕಾಯುತ್ತ ನಾಲ್ಕು ತಿಂಗಳು ಕಳೆಯಬೇಡಿ.

20 ವರ್ಷದ ರೂಢಿ ಹೇಳುವವರಿಗೆ ಇನ್ನೂ ಒಂದು ಗಡುವು: ತಡೆ ಗೊತ್ತಾದ ಮೇಲೆ ಒಂದು ವರ್ಷ ಸುಮ್ಮನಿದ್ದರೆ ಅದನ್ನು ಒಪ್ಪಿಕೊಂಡಂತಾಗಿ ರೂಢಿ ಮುರಿಯುತ್ತದೆ. ಮುಚ್ಚಿದ ದಿನವೇ ಫೋಟೊ ತೆಗೆದು, ವಾರದೊಳಗೆ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ನೋಟಿಸು ಕಳಿಸಿ, ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಘೋಷಣೆ, ತಡೆಯಾಜ್ಞೆಯ ದಾವೆ ಹೂಡಿ. ಮುಳ್ಳು ಕಿತ್ತೆಸೆದು ನೀವೇ ಟ್ರ್ಯಾಕ್ಟರ್ ನುಗ್ಗಿಸಿದರೆ ಕ್ರಿಮಿನಲ್ ಕೇಸು ನಿಮ್ಮ ಮೇಲೆ ಬೀಳುತ್ತದೆ, ಹಾದಿಯ ದಾವೆ ಹಿಂದೆ ಸರಿಯುತ್ತದೆ.

ಎರಡೂ ಕಡೆಯವರು ಮಾತಿಗೆ ಒಪ್ಪಿದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ದಾವೆಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಆ ರಾಜಿ ಅರ್ಜಿಯಲ್ಲೂ ಉದ್ದ, ಅಗಲ, ಯಾವ ಬದು ಎಂಬುದನ್ನು ಬರೆಸಿ, ನಕ್ಷೆ ಲಗತ್ತಿಸಿ. ‘ಹಾದಿ ಬಿಡತಕ್ಕದ್ದು’ ಎಂದಷ್ಟೇ ಇದ್ದರೆ, ಅದನ್ನು ಜಾರಿ ಮಾಡಲು ಬಂದ ಅಮೀನರು ಎಲ್ಲಿ ಬಿಡಿಸಬೇಕೆಂದು ತಿಳಿಯದೆ ಹೊಲದಿಂದ ಹಾಗೇ ವಾಪಸ್ ಹೋಗುತ್ತಾರೆ.